ಎಲ್ಲಿದೆ

ಲೋಸ್ಟಾಫ್ಟ್ ಬಂದರು ಕಚೇರಿ. ಬೆಳಗಿನ ಜಾವ ನಾಲ್ಕು.
ಹೀಟರು ಒಂದು ಕಾಲನ್ನು ಮಾತ್ರ ಬೆಚ್ಚಗಿಡುತ್ತದೆ.
ಹಳೆಯ ಸರ್ವರನ್ನು ಶುಕ್ರವಾರ ಆರಿಸುತ್ತಾರಂತೆ,
ಅದಕ್ಕೆ ಮೊದಲು ಅದರ ಹೊಟ್ಟೆಯಲ್ಲಿರುವುದೆಲ್ಲ
ಹೊಸದಕ್ಕೆ ಬರಬೇಕು. ಮುಖ್ಯವಾಗಿ ‘ಸ್ಲ್ಯಾಕ್’.

ಸ್ಲ್ಯಾಕ್ ಎಂದರೆ ನೀರು
ಬರಲೂ ಒಲ್ಲದೆ ಹೋಗಲೂ ಒಲ್ಲದೆ
ಹೊಸಿಲ ಮೇಲೆ ನಿಲ್ಲುವ ಗಳಿಗೆ.
ಆ ಗಳಿಗೆಯನ್ನು ಲೆಕ್ಕ ಹಾಕಿಕೊಡುವ ಪ್ರೋಗ್ರಾಮಿಗೂ ಅದೇ ಹೆಸರು.
ಅದು ಹೇಳಿದರೆ ಸೇತುವೆ ಏಳುತ್ತದೆ, ದೋಣಿ ಒಳಬರುತ್ತದೆ,
ಎರಡೂ ದಡದಲ್ಲಿ ಕಾರುಗಳು ಎಂಜಿನ್ ಆರಿಸಿ ಕಾಯುತ್ತವೆ.
ಯಾವ ಮೂಲೆಯಲ್ಲಿ ಕೂತು ಹೇಳುತ್ತದೆ ಎಂದು ಮಾತ್ರ
ಯಾರಿಗೂ ಗೊತ್ತಿಲ್ಲ.

ಕಪ್ಪು ಪರದೆಯಲ್ಲಿ ಟೈಪಿಸಿದೆ: ವೇರ್‌ಈಸ್ ಸ್ಲ್ಯಾಕ್.
ಇಂಗ್ಲಿಷಿನ ಎರಡು ಪದ, ನಡುವಿನ ಜಾಗ ನುಂಗಿ
ಯಂತ್ರಕ್ಕಾಗಿ ಒಂದಾದದ್ದು. ಪ್ರಶ್ನೆಯ ಚಿಹ್ನೆಯೂ ಬೇಡ.
ನಮ್ಮಲ್ಲಿ ಮೊದಲಿಂದಲೂ ಅದು ಒಂದೇ:
ಎಲ್ಲಿ ಪ್ಲಸ್ ಇದೆ, ಎಲ್ಲಿದೆ. ಲೋಪಸಂಧಿ.
ಇಂದುಮತಿ ಟೀಚರು ಡಸ್ಟರಿನಿಂದ ಒಂದು ‘ಇ’ ಒರೆಸಿ
“ಎಲ್ಲಿ ಹೋಯಿತು, ಹೇಳಿ” ಎನ್ನುತ್ತಿದ್ದರು.
ಹಿಂದಿನ ಬೆಂಚಿನ ನಾನು
ಕಿಟಕಿಯ ಕಡೆ ನೋಡುತ್ತಿದ್ದೆ.

ಉತ್ತರ ಒಂದೇ ಸಾಲು.
ಸ್ಲ್ಯಾಕ್, ಪಕ್ಕದಲ್ಲಿ ಎರಡು ಚುಕ್ಕಿ, ಆಮೇಲೆ ವಿಳಾಸ:
ಯೂಸರ್, ಲೋಕಲ್, ಬಿನ್, ಸ್ಲ್ಯಾಕ್.
ಪಹಣಿ ಓದಿದಂತಾಯಿತು,
ಲೋಕಲಪ್ಪ ಬಿನ್ ಸ್ಲ್ಯಾಕಪ್ಪ. ಒಬ್ಬಳೇ ನಕ್ಕೆ.
ಇನ್ನೊಂದು ವಿಳಾಸ ಕೈಪಿಡಿಯದು.
ಅಷ್ಟೇ.
ಓಡುವುದಿದೆ. ಓದುವುದಿದೆ.
ಬರೆದದ್ದು, ಆ ಮೂಲ, ಇಲ್ಲ.

ನದೀಮೂಲ ಋಷಿಮೂಲ ಹುಡುಕಬಾರದು ಅನ್ನುತ್ತಾರೆ.
ನನಗೆ ಗಂಟೆಗಿಷ್ಟು ಅಂತ ಕೊಡುವುದೇ ಅದಕ್ಕೆ.
ಫ್ಲಾಪಿಗಳ ಡಬ್ಬಿ ಸುರಿದೆ, ಕೆಳಗಿನ ಬೀರು ತೆರೆದೆ:
ಜೋಡಿ ಕಳೆದುಕೊಂಡ ಒಂದು ರಬ್ಬರ್ ಗವಸು,
ಗುಜರಿಗೆ ಹೋದ ಯಾವುದೋ ಹಡಗಿನ ಪರವಾನಗಿ,
ಉಪ್ಪು ಹಿಡಿದ ಸ್ಟೇಪ್ಲರ್.

ಕೊನೆಗೆ ಕೈಪಿಡಿಯನ್ನೇ ತೆರೆದೆ. ಮಾರ್ಚ್ ತೊಂಬತ್ತೊಂದು.
ಬರೆದವರು: ಮೇವಿಸ್ ಥರ್ಕೆಟಲ್, ರಾತ್ರಿ ಪಾಳಿ.
ಆಯ್ಕೆಗಳು. ಉದಾಹರಣೆಗಳು. ತಳದಲ್ಲಿ ‘ಲೋಪಗಳು’:
“ಸಣ್ಣ ಉಬ್ಬರದ ದಿನಗಳಲ್ಲಿ ಒಂದು ನಿಮಿಷ ತಡವಾಗಿ ಹೇಳುತ್ತದೆ.
ನನಗೆ ಗೊತ್ತು. ಹಾಗೇ ಬಿಟ್ಟಿದ್ದೇನೆ.
ಯಾರಾದರೊಬ್ಬರು ಓಡಿಕೊಂಡು ಬರುತ್ತಿರುತ್ತಾರೆ.”

ಅಷ್ಟಮಿಯ ಆಸುಪಾಸು, ಅಂದುಕೊಂಡೆ.
ಚಂದ್ರ ಅರೆಮನಸ್ಸಿನಿಂದ ನೀರೆಳೆಯುವ ದಿನ.
ಮೂವತ್ತಕ್ಕೂ ಹೆಚ್ಚು ವರ್ಷ, ಪಕ್ಷಪಕ್ಷಕ್ಕೂ ಒಂದು ನಿಮಿಷ.
ಬೇಕರಿಯ ಹುಡುಗ, ಪಾಳಿ ಮುಗಿಸಿದ ನರ್ಸು,
ಒಂದು ಕೈಯಲ್ಲಿ ಶೂ ಹಿಡಿದ ಶಾಲೆಯ ಪೋರಿ,
ಗೇಟು ಬೀಳುವ ಮುಂಚೆ ದಾಟಿಕೊಂಡು
ತಮ್ಮ ಕಾಲಿನ ಚುರುಕೇ ಅಂದುಕೊಂಡು
ಹೋದರು.

ಸೇತುವೆ ಕಾಯುವ ಕ್ಲೈವ್ ಫೋನು ಮಾಡಿದ.
“ಸಿಕ್ಕಿತೇ?” ಸಿಕ್ಕಿತು.
“ಆ ಒಂದು ನಿಮಿಷದ ಕಾಯಿಲೆ,
ಹೊಸದರಲ್ಲಾದರೂ ವಾಸಿಯಾದೀತೇ?”
ಮೂಲವೇ ಇಲ್ಲ ಕ್ಲೈವ್, ಮುಟ್ಟುವ ಹಾಗಿಲ್ಲ, ಅಂದೆ.
ಅದು ನಿಜ.
ಹೊರಗಿನಿಂದಲೇ ಒಂದು ನಿಮಿಷ ಕಳೆಯುವ ಸಾಲು
ಬೆರಳ ತುದಿಯಲ್ಲೇ ಇತ್ತು.
ಅದೂ ನಿಜ.

ಫೋನಿಟ್ಟು, ಯಾಕೋ, ಟೈಪಿಸಿದೆ: ವೇರ್‌ಈಸ್ ಥರ್ಕೆಟಲ್.
ಟೀಚರು ಇಲ್ಲಿ ಕಿವಿ ಹಿಂಡುತ್ತಿದ್ದರು.
‘ಎಲ್ಲಿದೆ’ ವಸ್ತುವಿಗೆ. ಮನುಷ್ಯರಿಗೆ ‘ಎಲ್ಲಿದ್ದಾರೆ’.
ಆ ಕಮ್ಯಾಂಡನ್ನು ಇನ್ನೂ ಯಾರೂ ಬರೆದಿಲ್ಲ.
ಯಂತ್ರ ಹೆಸರನ್ನು ಹಾಗೇ ಹಿಂದಿರುಗಿಸಿತು,
ಪಕ್ಕದಲ್ಲಿ ಎರಡು ಚುಕ್ಕಿ,
ಆಮೇಲೆ ಖಾಲಿ.

ನಕಲು ಸಾಗುತ್ತಿತ್ತು, ನೂರಕ್ಕೆ ಎಪ್ಪತ್ತು.
ಕಿಟಕಿಯಾಚೆ ಒಂದು ಕಡಲಹಕ್ಕಿ
ಕಂಬದ ಮೇಲೆ ಕೂತು ಬೈಯುತ್ತಿತ್ತು.
ಹೀಟರಿನ ಕಡೆಗೆ
ಇನ್ನೊಂದು ಕಾಲು ಚಾಚಿದೆ.